ಮಾ-ರಾಬರ್ಟ್: ಆಫ್ರಿಕಾದ ಒಂದು ಮದುವೆ ಪಯಣ



ಈಸ್ಟರ್ ಕಳೆದ ಕೂಡಲೇ ನಮ್ಮ ಚರ್ಚಿನಲ್ಲಿ ಮದುವೆಗಳ ಸಾಲು ಶುರುವಾಗುತ್ತದೆ. ಆದಿತ್ಯವಾರ ಮದುವೆ ಪ್ರಕಟಣೆ ಓದುವಾಗ ಹಿಂದಿನ ಬೆಂಚಿನಲ್ಲಿ ಕುಳಿತ ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಳ್ಳುವುದು ಗುಟ್ಟೇನಲ್ಲ. ಈ ಸಲ ಪ್ರಕಟಣೆಯಾದ ಒಂದು ಜೋಡಿ ನಮ್ಮ ಯುವಜನ ಸಂಘದ್ದೇ. ಹುಡುಗನಿಗೆ ದುಬೈಯಲ್ಲಿ ಕೆಲಸ, ಹುಡುಗಿ ಇಲ್ಲೇ ಟೀಚರ್. ಸಂಘದ ಸಭೆ ಮುಗಿದ ಮೇಲೆ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ಹನಿಮೂನ್ ಪ್ಲಾನ್ ತೋರಿಸಿದ. ಊಟಿಯಲ್ಲ, ಮುನ್ನಾರ್ ಅಲ್ಲ. ಆಫ್ರಿಕಾ! 14 ದಿನ. ಕೆನ್ಯಾದ ಮಸಾಯಿ ಮಾರದಲ್ಲಿ ಸಿಂಹ, ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾ, ಕೊನೆಗೆ ವಿಕ್ಟೋರಿಯಾ ಜಲಪಾತ. ದಿನಕ್ಕೊಂದು ಸಾಲು, ಗಂಟೆಗೊಂದು ಕಾರ್ಯಕ್ರಮ. ನಾವೆಲ್ಲ ಮುತ್ತಿಕೊಂಡು ನೋಡಿದೆವು, ಹೊಟ್ಟೆಕಿಚ್ಚೂ ಪಟ್ಟೆವು.

ಯಾರೋ ಹುಡುಗಿಯನ್ನು ಕೇಳಿದರು: "ನಿನಗೆ ಎಲ್ಲಿಗೆ ಹೋಗುವ ಆಸೆ?" ಅವಳು ನಕ್ಕು, "ಪ್ಲಾನೆಲ್ಲ ಅವರದ್ದೇ" ಎಂದಳು.

ವಿಕ್ಟೋರಿಯಾ ಜಲಪಾತಕ್ಕೆ ಆ ಹೆಸರಿಟ್ಟವರು ಡೇವಿಡ್ ಲಿವಿಂಗ್‌ಸ್ಟನ್ ಎಂಬುದು ನಮಗೆಲ್ಲ ಶಾಲೆಯಿಂದಲೇ ಗೊತ್ತು. ಮಿಷನರಿ, ವೈದ್ಯ, ಆಫ್ರಿಕಾ ಖಂಡವನ್ನು ಅಡ್ಡಲಾಗಿ ದಾಟಿದವರು. ಅವರ ಹೆಂಡತಿಯ ಹೆಸರೇನು ಎಂದು ಕೇಳಿಕೊಂಡಾಗ ಅಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನಾಚಿಕೆಯಾಯಿತು. ಹುಡುಕಿ ಓದಿದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಆಫ್ರಿಕಾದಲ್ಲಿ ಮದುವೆಯ ಪಯಣ ಎಂಬುದಕ್ಕೆ ಸಫಾರಿ ಜೀಪು ಬರುವ ಎಷ್ಟೋ ಮೊದಲಿನ ಒಂದು ಇತಿಹಾಸವಿದೆ.

ಅವರ ಹೆಸರು ಮೇರಿ ಮೋಫಟ್. ಅವರ ಕತೆ ಅವರ ತಾಯಿಯಿಂದಲೇ ಶುರುವಾಗುತ್ತದೆ. ತಾಯಿಯ ಹೆಸರೂ ಮೇರಿ, ಮದುವೆಗೆ ಮೊದಲು ಮೇರಿ ಸ್ಮಿತ್. ಇಂಗ್ಲೆಂಡಿನಲ್ಲಿ ಅವರ ತಂದೆಗೆ ಗಿಡಗಳ ನರ್ಸರಿ ಇತ್ತು. ಅಲ್ಲಿ ತೋಟದ ಕೆಲಸಕ್ಕಿದ್ದ ರಾಬರ್ಟ್ ಮೋಫಟ್ ಎಂಬ ಯುವಕ ಮಿಷನರಿಯಾಗಿ ಆಫ್ರಿಕಾಕ್ಕೆ ಹೊರಟಾಗ ಹುಡುಗಿಯನ್ನು ಜೊತೆಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಆತ 1816ರಲ್ಲಿ ಒಬ್ಬನೇ ಹಡಗು ಹತ್ತಿದ. ಹುಡುಗಿ ಎರಡೂವರೆ ವರ್ಷ ಕಾದು, ತಂದೆತಾಯಿಯ ಮನವೊಲಿಸಿ, ಕೊನೆಗೆ ಒಂಟಿಯಾಗಿ ಸಮುದ್ರ ದಾಟಿದರು. 1819ರ ಡಿಸೆಂಬರ್ 27ರಂದು ಕೇಪ್ ಟೌನಿನಲ್ಲಿ ಮದುವೆ. ಮದುವೆಯಾದ ಕೆಲವೇ ದಿನಗಳಲ್ಲಿ ಎತ್ತಿನ ಬಂಡಿ ಹತ್ತಿ ಉತ್ತರಕ್ಕೆ ಹೊರಟರು. ಗುರಿ ಮುಟ್ಟುವ ಹೊತ್ತಿಗೆ ಸುಮಾರು ಎರಡು ತಿಂಗಳು ಕಳೆದಿದ್ದವು. ಅದೇ ಅವರ ಮಧುಚಂದ್ರ. ನಾವು ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಈ ಮೇರಿ ಸ್ಮಿತ್ ತಾನೇ ಆರಿಸಿಕೊಂಡು ಬಂದವರು. ಆಫ್ರಿಕಾ ಅವರಿಗೆ ಯಾರೋ ಹಾಕಿಕೊಟ್ಟ ಪ್ಲಾನ್ ಆಗಿರಲಿಲ್ಲ.

ಹಿರಿಯ ಮಗಳು ಮೇರಿ ಹುಟ್ಟಿದ್ದು 1821ರಲ್ಲಿ, ಆಫ್ರಿಕಾದ ಗ್ರಿಕ್ವಾಟೌನಿನಲ್ಲಿ. ಬೆಳೆದದ್ದು ಕುರುಮಾನ್ ಎಂಬ ಊರಿನಲ್ಲಿ. ಅಲ್ಲಿ ಬರಗಾಲದಲ್ಲೂ ಬತ್ತದ ಒಂದು ದೊಡ್ಡ ನೀರಿನ ಬುಗ್ಗೆ ಇದೆ. ರಾಬರ್ಟ್ ಮೋಫಟ್ ಅಲ್ಲಿ ತೋಟ ಮಾಡಿದರು, ಚರ್ಚು ಕಟ್ಟಿದರು, ಅಚ್ಚುಯಂತ್ರ ತಂದು ಬೈಬಲನ್ನು ಸೆಟ್ಸ್ವಾನಾ ಭಾಷೆಗೆ ಅನುವಾದಿಸಿ ಮುದ್ರಿಸಿದರು. ಲೂಕನ ಸುವಾರ್ತೆ 1830ರಲ್ಲಿ ಬಂತು, ಪೂರ್ತಿ ಬೈಬಲ್ ಮುಗಿದದ್ದು 1857ರಲ್ಲಿ. ಗುಂಡರ್ಟ್, ಮೋಗ್ಲಿಂಗ್ ಮುಂತಾದ ಮಿಷನರಿಗಳು ನಮ್ಮ ಕರಾವಳಿಯಲ್ಲಿ ಇಂಥದ್ದೇ ಕೆಲಸಕ್ಕೆ ಕೂತ ಕಾಲವೂ ಹೆಚ್ಚುಕಡಿಮೆ ಅದೇ. ಮಗಳು ಮೇರಿಗೆ ಸೆಟ್ಸ್ವಾನಾ ಮಾತು ಬಾಲ್ಯದಿಂದಲೇ ನಾಲಿಗೆಯ ಮೇಲಿತ್ತು. ಆಫ್ರಿಕಾ ಆಕೆಗೆ ಸಾಹಸದ ನಾಡಲ್ಲ, ಹುಟ್ಟೂರು.

ಸಾಹಸಿ ಬಂದದ್ದು ಹೊರಗಿನಿಂದ. 1844ರ ಫೆಬ್ರವರಿಯಲ್ಲಿ ಮಬೊಟ್ಸಾ ಎಂಬಲ್ಲಿ ಸಿಂಹವೊಂದು ಲಿವಿಂಗ್‌ಸ್ಟನ್ನರ ಮೇಲೆ ಎರಗಿ ಎಡತೋಳಿನ ಮೂಳೆ ಪುಡಿ ಮಾಡಿತು. ಸ್ಥಳೀಯ ಶಿಕ್ಷಕ ಮೆಬಾಲ್ವೆ ಬಂದೂಕು ಎತ್ತಿದ್ದರಿಂದ ಸಿಂಹ ಅತ್ತ ತಿರುಗಿ ಅವನ ತೊಡೆಗೆ ಬಾಯಿ ಹಾಕಿತು, ಇವರು ಉಳಿದರು. (ಮೆಬಾಲ್ವೆಯ ಹೆಸರನ್ನೂ ನಾವು ಯಾರೂ ಕೇಳಿರಲಿಲ್ಲ ಎಂಬುದನ್ನು ಸೇರಿಸಲೇಬೇಕು.) ಗಾಯ ವಾಸಿಯಾಗಲು ಕುರುಮಾನಿಗೆ ಬಂದಾಗ ಮೋಫಟ್ಟರ ಹಿರಿಯ ಮಗಳ ಪರಿಚಯ ಬೆಳೆಯಿತು. ತೋಟದ ಬಾದಾಮಿ ಮರದ ಕೆಳಗೆ ಮದುವೆಯ ಮಾತು ಎತ್ತಿದರೆಂದು ಅಲ್ಲಿಯವರು ಹೇಳುತ್ತಾರೆ.

ಲಿವಿಂಗ್‌ಸ್ಟನ್ ಪತ್ರಗಳಲ್ಲಿ ಪ್ರೇಮದ ಮಾತಿಗಿಂತ ಮನೆ ಕಟ್ಟುವ ಸುದ್ದಿಯೇ ಹೆಚ್ಚು. ಮಬೊಟ್ಸಾಕ್ಕೆ ಹಿಂದಿರುಗಿ ಮುರಿದ ತೋಳಿನಲ್ಲೇ ಗೋಡೆ ಎಬ್ಬಿಸಿದರು. ಮದುವೆಯ ಲೈಸನ್ಸಿಗಾಗಿ ಕೋಲ್ಸ್‌ಬರ್ಗಿಗೆ ಬರೆಯುವಂತೆ ಭಾವೀ ಮಾವನಿಗೆ ಹೇಳಿಕಳಿಸಿದರು. ವೀಸಾಕ್ಕೆ ಕಾಯುವ ನಮ್ಮ ಹುಡುಗನಿಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತಂತೆ. 1845ರ ಜನವರಿಯಲ್ಲಿ ಕುರುಮಾನಿನ ಚರ್ಚಿನಲ್ಲಿ ಮದುವೆ ನಡೆಯಿತು. ಆಮೇಲೆ ಬಂಡಿ.

ಆ ಬಂಡಿಯ ಬಗ್ಗೆ ಒಂದು ಮಾತು. ನಮ್ಮ ಅಜ್ಜಂದಿರು ಕಂಡ ಜೋಡೆತ್ತಿನ ಗಾಡಿಯಲ್ಲ ಅದು. ಕಮಾನು ಹಾಕಿ ಕ್ಯಾನ್ವಾಸ್ ಹೊದಿಸಿದ ಉದ್ದನೆಯ ಬಂಡಿ, ಮುಂದೆ ಜೋಡಿ ಜೋಡಿಯಾಗಿ ಹತ್ತು ಹನ್ನೆರಡು ಎತ್ತು. ಅಡುಗೆ ಪಾತ್ರೆ, ಹಿಟ್ಟು, ಮದ್ದು, ಪುಸ್ತಕ, ಬಂದೂಕು, ಹಾಸಿಗೆ ಎಲ್ಲ ಅದರಲ್ಲೇ. ದಿನಕ್ಕೆ 20 ಕಿಲೋಮೀಟರ್ ಸಾಗಿದರೆ ದೊಡ್ಡದು. ಎತ್ತಿಗೆ ಮೇವೂ ನೀರೂ ಸಿಕ್ಕಲ್ಲಿ ನಿಲ್ಲಬೇಕು, ಸಿಗದಿದ್ದರೆ ರಾತ್ರಿಯೂ ನಡೆಯಬೇಕು. ಕುರುಮಾನಿನಿಂದ ಮಬೊಟ್ಸಾಕ್ಕೆ ಸುಮಾರು 350 ಕಿಲೋಮೀಟರ್. ಹೊಸ ದಂಪತಿಗಳ ಪಯಣ ಇಷ್ಟೇ ಆಗಿದ್ದರೆ ಈ ಲೇಖನಕ್ಕೆ ಹನಿಮೂನ್ ಎಂದೇ ಹೆಸರಿಡಬಹುದಿತ್ತು. ಆದರೆ ಆ ಬಂಡಿ ನಿಲ್ಲಲೇ ಇಲ್ಲ.

ಮಬೊಟ್ಸಾದಲ್ಲಿ ಜೊತೆಗಿದ್ದ ಮಿಷನರಿಯೊಡನೆ ಮನಸ್ತಾಪವಾಗಿ ಕಟ್ಟಿದ ಮನೆ ಬಿಟ್ಟು ಚೊನುವಾನೆಗೆ ಹೋದರು. ಅಲ್ಲಿ ನೀರಿಲ್ಲದೆ 1847ರಲ್ಲಿ ಕೊಲೊಬೆಂಗಿಗೆ. ಎರಡು ವರ್ಷದಲ್ಲಿ ಮೂರು ಮನೆ. ಕೊಲೊಬೆಂಗಿನಲ್ಲಿ ಮೇರಿ ಮಾಡುತ್ತಿದ್ದ ಕೆಲಸದ ವಿವರವನ್ನು ಗಂಡನೇ ಬರೆದಿಟ್ಟಿದ್ದಾರೆ. ಗೆದ್ದಲು ಹುತ್ತವನ್ನು ಕೊರೆದು ಒಲೆ ಮಾಡಿ ಅದರಲ್ಲಿ ರೊಟ್ಟಿ ಬೇಯಿಸುವುದು, ಬೂದಿಯಿಂದ ಸೋಪು ಕಾಯಿಸುವುದು, ಕೊಬ್ಬಿನಿಂದ ಮೇಣದ ಬತ್ತಿ ಮಾಡುವುದು, ಬೆಣ್ಣೆ ಕಡೆಯುವುದು. ಜೊತೆಗೆ ಪುಟ್ಟ ಮಕ್ಕಳ ಶಾಲೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಯ ಮಕ್ಕಳು ಹುಳುಗಳನ್ನೂ ದೊಡ್ಡ ಕಪ್ಪೆಯನ್ನೂ ಇಷ್ಟಪಟ್ಟು ತಿನ್ನುತ್ತಿದ್ದರು. ಬೇಯಿಸಿದ ಆ ಕಪ್ಪೆ ನೋಡಲು ಕೋಳಿಯಂತೆಯೇ ಇರುತ್ತಿತ್ತಂತೆ.

ಅಲ್ಲಿಯ ಮುಖಂಡ ಸೆಚೆಲೆ ಓದಲು ಕಲಿತು 1848ರಲ್ಲಿ ದೀಕ್ಷಾಸ್ನಾನ ಪಡೆದದ್ದು ಮಿಷನ್ ಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ಅದಕ್ಕಾಗಿ ಅವನು ಒಬ್ಬಳನ್ನು ಉಳಿಸಿಕೊಂಡು ಉಳಿದ ಹೆಂಡತಿಯರನ್ನು ತವರಿಗೆ ಕಳಿಸಬೇಕಾಯಿತು. ಹಾಗೆ ಹೋದವರು ಶಾಲೆಯ ಒಳ್ಳೆಯ ವಿದ್ಯಾರ್ಥಿನಿಯರೇ ಆಗಿದ್ದರು ಎಂದು ಲಿವಿಂಗ್‌ಸ್ಟನ್ ಬೇಸರದಿಂದಲೇ ಬರೆದಿದ್ದಾರೆ. ಆ ಹೆಂಗಸರು ಏನೆಂದುಕೊಂಡರು ಎಂದು ಬರೆದವರಿಲ್ಲ.

ಟ್ಸ್ವಾನಾ ಜನರ ರೂಢಿಯಂತೆ ತಾಯಿಯನ್ನು ಹಿರಿಯ ಮಗುವಿನ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲೂ ಮಗುವಿನ ಹೆಸರು ಹೇಳಿ 'ಅವನ ಅಮ್ಮ' ಎನ್ನುವುದಿಲ್ಲವೇ, ಹಾಗೆಯೇ. ಮೊದಲ ಮಗ ರಾಬರ್ಟ್ ಹುಟ್ಟಿದ ಮೇಲೆ ಮೇರಿ ಎಲ್ಲರಿಗೂ ಮಾ-ರಾಬರ್ಟ್ ಆದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1849ರಲ್ಲಿ ಲಿವಿಂಗ್‌ಸ್ಟನ್ ಕಲಹಾರಿ ಮರುಭೂಮಿ ದಾಟಿ ಎನ್‌ಗಾಮಿ ಸರೋವರ ಕಂಡರು. ಜೊತೆಗಿದ್ದವರಲ್ಲಿ ಒಬ್ಬರು ವಿಲಿಯಂ ಕಾಟನ್ ಆಸ್ವೆಲ್. ಇವರು ನಮ್ಮ ಮದ್ರಾಸ್ ಪ್ರಾಂತ್ಯದಲ್ಲೇ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಾಗಿದ್ದು, ಜ್ವರದಿಂದ ನಲುಗಿ, ಹವಾ ಬದಲಾವಣೆಗೆಂದು ಕೇಪಿಗೆ ಹೋಗಿದ್ದವರು. ಮರುವರ್ಷ, 1850ರಲ್ಲಿ, ಲಿವಿಂಗ್‌ಸ್ಟನ್ ಹೆಂಡತಿ ಮಕ್ಕಳನ್ನೂ ಬಂಡಿ ಹತ್ತಿಸಿದರು. ಮಕ್ಕಳು ಮೂವರು, ಹಿರಿಯವನಿಗೆ ನಾಲ್ಕು ವರ್ಷ. ಮೇರಿ ಬಸುರಿ. ಸರೋವರದ ದಂಡೆಯಲ್ಲಿ ಮಕ್ಕಳಿಗೆ ಜ್ವರ ಹಿಡಿಯಿತು, ಹಿಂದಿರುಗಲೇಬೇಕಾಯಿತು. ಮನೆಗೆ ಬಂದ ಸ್ವಲ್ಪ ದಿನದಲ್ಲೇ ಹೆಣ್ಣು ಮಗು ಹುಟ್ಟಿತು. ಎಲಿಜಬೆತ್ ಎಂದು ಹೆಸರಿಟ್ಟರು. ಆರು ವಾರವಷ್ಟೇ ಬದುಕಿತು. ಹೆರಿಗೆಯ ನಂತರ ಮೇರಿಯ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿದಿತ್ತು.

ಮರುವರ್ಷ ಮತ್ತೆ ಬಂಡಿ ಸಿದ್ಧವಾಯಿತು. ಮೇರಿ ಮತ್ತೆ ಬಸುರಿ. ಸುದ್ದಿ ತಿಳಿದ ತಾಯಿ ಮೋಫಟ್ ಅಳಿಯನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಒಂದು ಮಗು ಸತ್ತದ್ದು ಸಾಲದೇ, ಉಳಿದವು ಸಾವಿನ ಬಾಯಿಂದ ಪಾರಾಗಿ ಬಂದದ್ದು ಸಾಲದೇ, ಬಸುರಿ ಹೆಂಗಸನ್ನೂ ಮಕ್ಕಳನ್ನೂ ಗುರುತಿಲ್ಲದ ನಾಡಿಗೆ ಎಳೆದೊಯ್ಯುವುದನ್ನು ಲೋಕ ಏನೆನ್ನುತ್ತದೆ ಎಂಬುದು ಅದರ ಸಾರ. ಬರೆದವರು ಮಿಷನ್ ಕೆಲಸದ ಬೆಲೆ ತಿಳಿಯದ ಯಾರೋ ಅಲ್ಲ, ಇಪ್ಪತ್ತರ ಹರೆಯದಲ್ಲಿ ಒಂಟಿಯಾಗಿ ಸಮುದ್ರ ದಾಟಿ ಬಂದ ಅದೇ ಮೇರಿ ಸ್ಮಿತ್. ಪತ್ರ ಅಳಿಯನನ್ನು ತಡೆಯಲಿಲ್ಲ.

1851ರ ಆ ಪಯಣದಲ್ಲಿ ಆಸ್ವೆಲ್ ಮುಂದೆ ಮುಂದೆ ಹೋಗಿ ಬಾವಿಗಳನ್ನು ತೋಡಿಸಿಡುತ್ತಿದ್ದರು, ಹಿಂದೆ ಬರುವ ಮಕ್ಕಳಿಗೆ ನೀರು ಸಿಗಲಿ ಎಂದು. ಆದರೂ ಒಂದು ಕಡೆ ದಾರಿ ತೋರುವವನೇ ದಾರಿ ತಪ್ಪಿದ. ಬಂಡಿಯಲ್ಲಿದ್ದ ನೀರು ಮುಗಿಯಿತು. ದಿನಗಟ್ಟಲೆ ನೀರಿಲ್ಲ. ಮಕ್ಕಳು ಕಣ್ಣೆದುರೇ ಬಾಯಾರಿ ಸಾಯಬಹುದಾಗಿದ್ದ ಆ ಗಳಿಗೆಯಲ್ಲೂ ಹೆಂಡತಿ ಒಂದು ದೂರಿನ ಮಾತು ಆಡಲಿಲ್ಲ, ಕಣ್ಣು ಮಾತ್ರ ತುಂಬಿತ್ತು ಎಂದು ಲಿವಿಂಗ್‌ಸ್ಟನ್ ಬರೆದಿದ್ದಾರೆ. ಕೊನೆಗೆ ನೀರು ಸಿಕ್ಕಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಝೌಗಾ ನದಿಯ ದಂಡೆಯಲ್ಲಿ ಬಂಡಿ ನಿಲ್ಲಿಸಿ ಹೆರಿಗೆ. ಗಂಡು ಮಗು. ಆಸ್ವೆಲ್ಲರ ಹೆಸರನ್ನೇ ಇಟ್ಟರು.

ಇಷ್ಟಾದ ಮೇಲೆ ಲಿವಿಂಗ್‌ಸ್ಟನ್ನರೇ ತೀರ್ಮಾನಿಸಿದರು: ಕುಟುಂಬ ಬ್ರಿಟನ್ನಿಗೆ, ತಾನು ಒಳನಾಡಿಗೆ. 1852ರ ಏಪ್ರಿಲಿನಲ್ಲಿ ಮೇರಿ ನಾಲ್ಕು ಮಕ್ಕಳೊಂದಿಗೆ ಕೇಪ್ ಟೌನಿನಲ್ಲಿ ಹಡಗು ಹತ್ತಿದರು. ದಾರಿಗೆ ಹಾಕಿಕೊಳ್ಳಲು ನೆಟ್ಟಗಿನ ಬಟ್ಟೆ ಇರಲಿಲ್ಲ, ಅದರ ಖರ್ಚನ್ನು ಆಸ್ವೆಲ್ ಕೊಟ್ಟರು. ಅದೇ ವರ್ಷ ಬೋಯರ್ ದಂಡು ಕೊಲೊಬೆಂಗಿನ ಮನೆಯನ್ನು ಲೂಟಿ ಮಾಡಿತು.

ಮುಂದಿನ ನಾಲ್ಕೂವರೆ ವರ್ಷ ಶಾಲಾ ಪುಸ್ತಕದಲ್ಲಿ ಬರುವ ವರ್ಷಗಳು. ಲಿವಿಂಗ್‌ಸ್ಟನ್ ಪಶ್ಚಿಮದ ಲುವಾಂಡಾ ಮುಟ್ಟಿದರು, ಅಲ್ಲಿಂದ ಪೂರ್ವಕ್ಕೆ ತಿರುಗಿದರು, 1855ರ ನವೆಂಬರಿನಲ್ಲಿ ಮೋಸಿ-ಓವಾ-ತುನ್ಯಾ ಎಂದು ಅಲ್ಲಿಯವರು ಕರೆಯುವ ಗುಡುಗುವ ಹೊಗೆಯ ಜಲಪಾತ ಕಂಡು ರಾಣಿಯ ಹೆಸರಿಟ್ಟರು, 1856ರ ಮೇ ತಿಂಗಳಲ್ಲಿ ಹಿಂದೂ ಮಹಾಸಾಗರ ಸೇರಿದರು. ಪುಸ್ತಕದಲ್ಲಿ ಇಲ್ಲದ್ದು ಇದು: ಅದೇ ವರ್ಷಗಳಲ್ಲಿ ಮೇರಿ ಚಳಿ ದೇಶದಲ್ಲಿ ಗಂಡನ ಮನೆಯವರೊಡನೆ ಹೊಂದಿಕೆಯಾಗದೆ, ಕೈಯಲ್ಲಿ ದುಡ್ಡಿಲ್ಲದೆ, ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆದರು. ಇಲ್ಲಿ ಬಂಡಿಯೂ ಇಲ್ಲ, ಬಾವಿ ತೋಡುವ ಆಸ್ವೆಲ್ಲೂ ಇಲ್ಲ.

1858ರಲ್ಲಿ ಸರಕಾರದ ಖರ್ಚಿನಲ್ಲಿ ಜಾಂಬೆಜಿ ನದಿಯ ದೊಡ್ಡ ಅನ್ವೇಷಣೆಗೆ ಲಿವಿಂಗ್‌ಸ್ಟನ್ ಹೊರಟರು. ಈ ಸಲ ಮೇರಿಯೂ ಹೊರಟರು. ನದಿಯಲ್ಲಿ ಓಡಾಡಲು ಬಿಡಿ ಭಾಗಗಳಾಗಿ ಒಯ್ದು ಜೋಡಿಸುವ ಒಂದು ಹಬೆ ದೋಣಿ ಮಾಡಿಸಿದ್ದರು. ಅದಕ್ಕೆ ಇಟ್ಟ ಹೆಸರು 'ಮಾ-ರಾಬರ್ಟ್'. ಎಷ್ಟು ಚೆಂದದ ಪ್ರೀತಿ ಎಂದುಕೊಂಡು ಓದುತ್ತಾ ಹೋದರೆ, ಹಡಗಿನಲ್ಲೇ ಮೇರಿ ಮತ್ತೆ ಬಸುರಿ ಎಂದು ತಿಳಿದು ಅವರನ್ನು ಕೇಪ್ ಟೌನಿನಲ್ಲಿ ಇಳಿಸಿದರು. ದೋಣಿ ಮಾ-ರಾಬರ್ಟ್ ಜಾಂಬೆಜಿಗೆ ಹೋಯಿತು. ನಿಜವಾದ ಮಾ-ರಾಬರ್ಟ್ ತವರಿಗೆ ಹೋದರು.

ದೋಣಿಯ ಕತೆಯೂ ಸುಖವಲ್ಲ. ತೆಳು ಉಕ್ಕಿನ ತಗಡು ತುಕ್ಕು ಹಿಡಿದು ತೂತು ಬಿತ್ತು. ಒಲೆಗೆ ಸೌದೆ ಒಡೆಯುವುದರಲ್ಲೇ ಜನರ ಅರ್ಧ ದಿನ ಕಳೆಯುತ್ತಿತ್ತು. ಏದುಸಿರು ಬಿಡುತ್ತಾ ಸಾಗುವ ಅದಕ್ಕೆ ತಂಡದವರು 'ಉಬ್ಬಸದ ರೋಗಿ' ಎಂದು ಅಡ್ಡಹೆಸರಿಟ್ಟರು. 1860ರ ಕೊನೆಯಲ್ಲಿ ಮರಳ ದಿಬ್ಬಕ್ಕೆ ಸಿಕ್ಕಿ ಮುಳುಗಿತು.

ಮೇರಿ ಕುರುಮಾನಿನಲ್ಲಿ ಮಗಳನ್ನು ಹೆತ್ತು, ಸ್ಕಾಟ್ಲೆಂಡಿನಲ್ಲಿದ್ದ ಉಳಿದ ಮಕ್ಕಳ ಬಳಿಗೆ ಹೋದರು. ಆ ಕಾಲದ ಪತ್ರಗಳಿಂದ ಅವರ ವಿಶ್ವಾಸ ಅಲುಗಿತ್ತೆಂದು ತಿಳಿಯುತ್ತದೆ. ಕುಡಿತವೂ ಇತ್ತೆಂದು ಜೊತೆ ಪಯಣಿಗರ ದಿನಚರಿ ಹೇಳುತ್ತದೆ. ಇದನ್ನು ಬರೆಯಬೇಕೇ ಬೇಡವೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಚರ್ಚಿನ ಪುಟದಲ್ಲಿ ಯಾಕೆ ಎಂದರು ಕೆಲವರು. ಮೆಚ್ಚುಗೆಯ ಜೀವನಚರಿತ್ರೆಗಳು ಇದನ್ನು ಬಿಟ್ಟೇ ಬಿಟ್ಟವು, ಅದರೊಡನೆ ಮೇರಿಯನ್ನೂ ಬಿಟ್ಟವು. ಆದ್ದರಿಂದ ಬರೆಯುತ್ತಿದ್ದೇವೆ.

1862ರ ಆರಂಭದಲ್ಲಿ ಮೇರಿ ಜಾಂಬೆಜಿಯ ಮುಖಕ್ಕೆ ಬಂದಿಳಿದರು. ಅದೇ ಹಡಗಿನಲ್ಲಿ ಬಂದಿದ್ದ ಇನ್ನೊಬ್ಬ ಹೆಂಗಸು ಶ್ರೀಮತಿ ಬರಪ್. ಮದುವೆಯಾದ ಸ್ವಲ್ಪದರಲ್ಲೇ ಗಂಡ ಮಿಷನ್ ಕೆಲಸಕ್ಕೆ ಮುಂದೆ ಹೋಗಿದ್ದ, ಆತನನ್ನು ಸೇರಲು ಬಂದವರು. ಹುಡುಕಿಕೊಂಡು ನದಿಯ ಮೇಲೆ ಹೋದಾಗ ಆತನೂ, ಆತನ ಬಿಷಪ್ ಮೆಕೆಂಜಿಯವರೂ ಜ್ವರದಿಂದ ತೀರಿಕೊಂಡ ಸುದ್ದಿ ಎದುರಾಯಿತು. ಮೇರಿಗೂ ಜ್ವರ ಬಂದದ್ದು ಅದೇ ಏಪ್ರಿಲಿನಲ್ಲಿ, ಶುಪಾಂಗಾ ಎಂಬಲ್ಲಿ. ಲಿವಿಂಗ್‌ಸ್ಟನ್ ಬಳಿ ಮದ್ದು ಇಲ್ಲದಿರಲಿಲ್ಲ. ಕ್ವಿನೈನ್ ಸೇರಿಸಿ ತಾವೇ ತಯಾರಿಸಿದ ಗುಳಿಗೆಯಿಂದ ಎಷ್ಟೋ ಜನರನ್ನು ಉಳಿಸಿದ್ದರು. ಹೆಂಡತಿಗೆ ಅದು ನಾಟಲಿಲ್ಲ. 1862ರ ಏಪ್ರಿಲ್ 27ರ ಸಂಜೆ ಮೇರಿ ಕಣ್ಣು ಮುಚ್ಚಿದರು. ವಯಸ್ಸು 41. ದೊಡ್ಡದೊಂದು ಬಾವೊಬಾಬ್ ಮರದ ಕೆಳಗೆ ಮಣ್ಣು ಮಾಡಿದರು. 17 ವರ್ಷದ ದಾಂಪತ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಗಂಡ ಒಂದೆಡೆ, ಹೆಂಡತಿ ಒಂದೆಡೆ.

ಆ ಜ್ವರ ಸೊಳ್ಳೆಯಿಂದ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ನಮ್ಮ ಸಿಕಂದರಾಬಾದಿನಲ್ಲಿ. ಮೇರಿ ತೀರಿಕೊಂಡು 35 ವರ್ಷದ ಮೇಲೆ.

ಲಿವಿಂಗ್‌ಸ್ಟನ್ 1873ರಲ್ಲಿ ತೀರಿಕೊಂಡಾಗ ಅವರ ಶವವನ್ನು ಚುಮಾ, ಸೂಸಿ ಮುಂತಾದವರು ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಂದರು. ಅವರಲ್ಲೊಬ್ಬನಾದ ಜೇಕಬ್ ವೈನ್‌ರೈಟ್ ನಮ್ಮ ನಾಸಿಕದ ಮಿಷನ್ ಶಾಲೆಯಲ್ಲಿ ಓದಿದವನು. ಸಿಂಹ ಮುರಿದ ತೋಳಿನ ಮೂಳೆ ನೋಡಿ ದೇಹ ಅವರದ್ದೇ ಎಂದು ಲಂಡನ್ನಿನಲ್ಲಿ ಖಚಿತಪಡಿಸಿದರು. ಅವರು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದ್ದಾರೆ. ಮೇರಿ ಶುಪಾಂಗಾದಲ್ಲಿಯೇ ಇದ್ದಾರೆ, ಇಂದಿನ ಮೊಜಾಂಬಿಕ್ ದೇಶದಲ್ಲಿ.

ಆಮೇಲೆ ಆಫ್ರಿಕಾದ ದಾರಿ ಬದಲಾಯಿತು. ಮೊಂಬಾಸಾದಿಂದ ಒಳನಾಡಿಗೆ 1896ರಿಂದ ರೈಲು ಹಾದಿ ಹಾಕಿದವರಲ್ಲಿ ಸುಮಾರು 32,000 ಜನ ನಮ್ಮ ದೇಶದ ಕೂಲಿಗಳು, 2,493 ಮಂದಿ ಅಲ್ಲೇ ಸತ್ತರು. ಆ ಹಳಿಯ ಮೇಲೆ ಶ್ರೀಮಂತ ಬೇಟೆಗಾರರು ಬಂದರು. ಮದುವೆಯಾಗಿ ಎರಡು ವರ್ಷವೂ ಆಗದ ಯಾರ್ಕಿನ ಡ್ಯೂಕ್ ದಂಪತಿ, ಮುಂದೆ ಇಂಗ್ಲೆಂಡಿನ ರಾಜ-ರಾಣಿಯಾದವರು, 1924ರ ಕೊನೆಯಲ್ಲಿ ಕೆನ್ಯಾ ಉಗಾಂಡಾ ಸುತ್ತಲು ಬಂದರು. ಅದೇ ವರ್ಷ ಕೋರ್ಟ್ ಟ್ರೀಟ್ ಎಂಬ ದಂಪತಿ ಕೇಪ್ ಟೌನಿನಿಂದ ಕೈರೋಗೆ ಕಾರಿನಲ್ಲಿ ಹೊರಟು 16 ತಿಂಗಳು ತೆಗೆದುಕೊಂಡರು. ಹೆಂಡತಿ ಸ್ಟೆಲ್ಲಾ ಆ ಪಯಣದ ಪುಸ್ತಕವನ್ನು ತಾನೇ ಬರೆದರು. ಮೇರಿ ಅಂಥದ್ದೇನೂ ಬರೆದಿಡಲಿಲ್ಲ. 'ಸಫಾರಿ' ಎಂಬ ಸ್ವಾಹಿಲಿ ಮಾತಿಗೆ ಪಯಣ ಎಂದಷ್ಟೇ ಅರ್ಥ, ನಮಗೆ ಗೊತ್ತಿರುವ 'ಸಫರ್'ನ ಮೂಲವೇ. ಹೊರೆ ಹೊತ್ತ ನೂರಾರು ಜನರ ಸಾಲಿಗೆ ಹೇಳುತ್ತಿದ್ದ ಮಾತು ಇಂದು ಜೀಪಿಗೆ ಬಂದು ನಿಂತಿದೆ.

ಇಷ್ಟನ್ನು ಮುಂದಿನ ಸಭೆಯಲ್ಲಿ ಓದಿ ಹೇಳಿದೆವು. ಹುಡುಗ ಸುಮ್ಮನೆ ಕೇಳಿದ. ಹುಡುಗಿ ಎರಡು ಪ್ರಶ್ನೆ ಕೇಳಿದಳು. ಹಳದಿ ಜ್ವರದ ಲಸಿಕೆ ಹತ್ತು ದಿನ ಮೊದಲೇ ಹಾಕಿಸಬೇಕಲ್ಲ, ಮದುವೆಯ ಗಡಿಬಿಡಿಯಲ್ಲಿ ಅದಕ್ಕೆ ಯಾವ ದಿನ ಇಟ್ಟಿದ್ದೀರಿ? ಮಾರ್ಚಿನಿಂದ ಮೇವರೆಗೆ ಕೆನ್ಯಾದಲ್ಲಿ ದೊಡ್ಡ ಮಳೆಯಲ್ಲವೇ, ಮತ್ತೆ ಮೇ ತಿಂಗಳಿಗೆ ಟಿಕೆಟ್ ಯಾಕೆ? ಎರಡಕ್ಕೂ ಲ್ಯಾಪ್‌ಟಾಪಿನಲ್ಲಿ ಉತ್ತರ ಇರಲಿಲ್ಲ.

ಕಳೆದ ಆದಿತ್ಯವಾರ ಇಬ್ಬರೂ ಹೊಸ ಪ್ಲಾನ್ ತಂದಿದ್ದರು, ಈ ಸಲ ಹುಡುಗಿಯ ಅಕ್ಷರದಲ್ಲಿ, ಶಾಲೆಯ ನೋಟ್ ಪುಸ್ತಕದ ಹಾಳೆಯಲ್ಲಿ. ಪಯಣ ಆಗಸ್ಟಿಗೆ ಹೋಗಿದೆ, ಲಕ್ಷಗಟ್ಟಲೆ ಕಾಡುದನಗಳು ಮಾರಾ ನದಿ ದಾಟುವ ಕಾಲ. ಗೊರಿಲ್ಲಾ ಬಿಟ್ಟಿದ್ದಾರೆ. ಜಲಪಾತ ಉಳಿದಿದೆ, ಆದರೆ ಅವಳು ಬರೆದಿರುವುದು ಮೋಸಿ-ಓವಾ-ತುನ್ಯಾ ಎಂದು. ನಡುವೆ ಎರಡು ದಿನದ ಎದುರು 'ಎಲ್ಲಿಗೂ ಹೋಗುವುದಿಲ್ಲ' ಎಂದಿದೆ. ಅದರ ಕೆಳಗೆ ಹುಡುಗ ಪೆನ್ಸಿಲಿನಲ್ಲಿ ಸಣ್ಣದಾಗಿ 'ಒಪ್ಪಿದೆ' ಎಂದು ಬರೆದಿದ್ದಾನೆ.